ಬೆನ್ನಿನ ಲಟಿಕೆ ತೆಗೆಸಿದರೆ ನೋವು, ಬಿಗಿತ ನಿಜಕ್ಕೂ ಕಡಿಮೆಯಾಗುತ್ತಾ?

ಕೆಲವರಿಗೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಆ ‘ಲಟಕ್’ ಸದ್ದು ಜಾರಿದ ಮೂಳೆ ಮತ್ತೆ ಕೂತದ್ದಲ್ಲ. ಬೆನ್ನನ್ನು ಒತ್ತಿ ತಿರುಗಿಸಿದಾಗ ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಆಗುತ್ತದೆ, ಅದರ ಸದ್ದು. ಬೆರಳಿನ ಲಟಿಕೆಯೂ ಹೀಗೇ ಅಲ್ವಾ? ಆಮೇಲೆ ಸ್ವಲ್ಪ ಹೊತ್ತು ಬಿಗಿತ ಸಡಿಲವಾಗಿ, ಬಗ್ಗಲು ಹಗುರ ಅನಿಸುತ್ತದೆ.

2017ರಲ್ಲಿ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, ಹೊಸ ಸೊಂಟನೋವಿಗೆ ಶಾಖ, ಮಸಾಜ್ ಜೊತೆ ಇದನ್ನೂ ಸೂಚಿಸಿತು. ಪುರಾವೆ ಮಾತ್ರ ಅಷ್ಟು ಗಟ್ಟಿಯಿಲ್ಲ. ಅಂಥ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನಾನು ಜಾಸ್ತಿ ನಂಬುವುದು ನಡಿಗೆ, ವ್ಯಾಯಾಮವನ್ನೇ.

ಕಾಲು ಮರಗಟ್ಟಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಮೂಳೆ ಸವೆದಿದ್ದರೆ ದಯವಿಟ್ಟು ಬೆನ್ನು ತಿರುಚಿಸಿಕೊಳ್ಳಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಕುತ್ತಿಗೆಯನ್ನಂತೂ ಸುಮ್ನೆ ತಿರುಚಿಸಬೇಡಿ. ಅಪರೂಪಕ್ಕಾದರೂ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದಿದೆ.