ಆ ಇಲಿ ಫೋಟೊ ನೋಡಿ ಹೆದರಬೇಡಿ

ಕುಲಾಂತರಿ (ಜೀನ್ ಬದಲಿಸಿದ) ಮೆಕ್ಕೆಜೋಳ ತಿಂದ ಇಲಿಗಳಿಗೆ ಗಡ್ಡೆ ಬಂದ ಫೋಟೊ ನೋಡಿ, ಕುಶಾಲನಗರದ ಮೆಕ್ಕೆಜೋಳ ಹಂದಿಗೆ ಹಾಕಬಹುದಾ ಎಂದು ಕೇಳಿದ್ದೀರಿ. ಹಾಕಿ ಸರ್. ನಮ್ಮ ದೇಶದಲ್ಲಿ ರೈತರು ಕುಲಾಂತರಿ ಮೆಕ್ಕೆಜೋಳ ಬೆಳೆಯಲು ಅನುಮತಿಯೇ ಇಲ್ಲ.

ಆ ಫೋಟೊ ಫ್ರಾನ್ಸಿನ ವಿಜ್ಞಾನಿ ಸೆರಾಲಿನಿ ತಂಡದ ಅಧ್ಯಯನದ್ದು, 2012ರದು. ಗುಂಪಿಗೆ ಬರೀ 10 ಇಲಿ. ಆ ತಳಿಗೆ ವಯಸ್ಸಾದಂತೆ ಗಡ್ಡೆ ತಾನಾಗಿಯೇ ಜಾಸ್ತಿ. ಮಾಮೂಲಿ ಜೋಳ ತಿಂದವಕ್ಕೂ ಬಂದಿತ್ತು, ಅವುಗಳ ಫೋಟೊ ಹಾಕಲಿಲ್ಲ. ಇದು ಸರಿಯಲ್ಲ, ಅಲ್ವಾ? 2013ರಲ್ಲಿ ಆ ಅಧ್ಯಯನ ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆ ಲೇಖನ ಹಿಂಪಡೆಯಿತು, 2014ರಲ್ಲಿ ಬೇರೆ ಕಡೆ ಮತ್ತೆ ಬಂತು. ಆಮೇಲೆ ಯುರೋಪಿನಲ್ಲಿ ಅದೇ ಜೋಳವನ್ನು ಇಲಿಗಳಿಗೆ ಎರಡು ವರ್ಷ ತಿನ್ನಿಸಿದರು. ಜೋಳದಿಂದ ತೊಂದರೆ ಕಾಣಲಿಲ್ಲ.

ನಮ್ಮ ಮಳೆಗಾಲದಲ್ಲಿ ನನಗೆ ಭಯ ಬೂಷ್ಟಿನದು. ಮೂಟೆ ಬಿಚ್ಚಿ ನೋಡಿಯೇ ಹಾಕಿ. ಬೂಷ್ಟಿನ ವಿಷ ಹಂದಿಯ ಲಿವರ್ ಕೆಡಿಸುತ್ತದೆ.