ಕಪ್ಪುಕುಳಿಯ ಪುಸ್ತಕ ಓದಿದರೆ ಭೌತಶಾಸ್ತ್ರ ಬರುತ್ತದೆಯೇ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಕಪ್ಪುಕುಳಿ, ಸಾಪೇಕ್ಷತೆ ಕುರಿತ ಜನಪ್ರಿಯ ವಿಜ್ಞಾನದ ಪುಸ್ತಕಗಳನ್ನು ಓದುವಾಗ ಎಲ್ಲವೂ ತಿಳಿದಂತೆನಿಸುತ್ತದೆ. ಪಠ್ಯದ ಲೆಕ್ಕಕ್ಕೆ ಕುಳಿತರೆ ಕೈ ಓಡುವುದಿಲ್ಲ. ಈ ಓದನ್ನು ನಿಲ್ಲಿಸಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಲ್ಲಿಸಬೇಕಾಗಿಲ್ಲ. ಇಳಿಜಾರು, ರಾಟೆ, ಸ್ಪ್ರಿಂಗ್‌ಗಳ ಲೆಕ್ಕ ಮಾಡುತ್ತಿರುವಾಗ ಈ ದಾರಿ ಮುಂದೆ ಎಲ್ಲಿಗೆ ಹೋಗುತ್ತದೆಂಬುದು ಕಾಣುವುದಿಲ್ಲ. ಅದನ್ನು ತೋರಿಸಿ, ಕಲಿಯುವ ಆಸೆಯನ್ನು ಉಳಿಸುವುದು ಇಂಥ ಓದೇ. ತೊಂದರೆ ಇರುವುದು, ಚಿತ್ರವೊಂದು ಮನಸ್ಸಿಗೆ ಹಿಡಿಸಿದ ಕೂಡಲೇ ವಿಷಯವೂ ತಿಳಿಯಿತೆಂದು ನಂಬಿಬಿಡುವುದರಲ್ಲಿ.

ಭಾರದ ವಸ್ತು ತನ್ನ ಸುತ್ತಲಿನ ದೇಶವನ್ನೂ (ಅಂದರೆ ಸ್ಥಳಾವಕಾಶವನ್ನೂ) ಕಾಲವನ್ನೂ ಬಾಗಿಸುವುದೇ ಗುರುತ್ವ ಎನ್ನುತ್ತದೆ ಸಾಪೇಕ್ಷತೆ. ಅದನ್ನು ವಿವರಿಸಲು ಬಳಸುವ ರಬ್ಬರ್ ಹಾಳೆಯನ್ನೇ ನೋಡಿ. ಬಿಗಿದು ಕಟ್ಟಿದ ಹಾಳೆಯ ನಡುವೆ ಭಾರದ ಗುಂಡನ್ನಿಟ್ಟರೆ ಹಾಳೆ ತಗ್ಗುತ್ತದೆ, ಪಕ್ಕದಲ್ಲಿ ಉರುಳಿಬಿಟ್ಟ ಗೋಲಿ ಗುಂಡನ್ನು ಸುತ್ತುತ್ತದೆ. ಆದರೆ ಹಾಳೆ ತಗ್ಗುವುದೇ ಭೂಮಿಯ ಗುರುತ್ವದಿಂದ. ಯಾವುದನ್ನು ವಿವರಿಸಬೇಕೋ ಅದನ್ನೇ ಮೊದಲು ಒಪ್ಪಿಕೊಂಡಂತಾಯಿತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಹಾಳೆ ದೇಶದ ವಕ್ರತೆಯನ್ನಷ್ಟೇ ತೋರಿಸುತ್ತದೆ. ಬೆಳಕಿಗಿಂತ ಬಹಳ ನಿಧಾನವಾಗಿ ಚಲಿಸುವ ಗ್ರಹಗಳ ಪಥವನ್ನು ಬಹುಮಟ್ಟಿಗೆ ನಿರ್ಧರಿಸುವುದು, ಸೂರ್ಯನಿಂದ ದೂರ ಹೋದಂತೆ ಕಾಲದ ಗತಿ ಬದಲಾಗುವ ರೀತಿ. ಸೂರ್ಯನ ಅಂಚನ್ನು ಸವರಿ ಬರುವ ಬೆಳಕಿನ ಬಾಗುವಿಕೆಯಲ್ಲಿ ಮಾತ್ರ (1919ರ ಗ್ರಹಣದಲ್ಲಿ ಪರೀಕ್ಷಿಸಿದ 1.75 ಆರ್ಕ್‌ಸೆಕೆಂಡ್; ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ದೇಶಕ್ಕೂ ಕಾಲಕ್ಕೂ ಸಮಪಾಲು. ಇದು ಚಿತ್ರದಲ್ಲಿ ಕಾಣುವುದಿಲ್ಲ, ಸಮೀಕರಣದಲ್ಲಿ ಕಾಣುತ್ತದೆ.

ಹಾಗಾಗಿ ಓದುವಾಗ ಪೆನ್ಸಿಲ್ ಕೈಯಲ್ಲಿರಲಿ. ಕಪ್ಪುಕುಳಿಯ ಅಧ್ಯಾಯ ಮುಗಿದ ಮೇಲೆ, ನಿಮ್ಮ ಪ್ರಥಮ ಪಿಯುಸಿ ಪಠ್ಯದಲ್ಲಿರುವ ವಿಮೋಚನಾ ವೇಗದ (ಗುರುತ್ವದಿಂದ ತಪ್ಪಿಸಿಕೊಳ್ಳಲು ಬೇಕಾದ ಕನಿಷ್ಠ ವೇಗದ) ಸೂತ್ರದಲ್ಲಿ ವೇಗದ ಜಾಗಕ್ಕೆ ಬೆಳಕಿನ ವೇಗವನ್ನು ಹಾಕಿ, ತ್ರಿಜ್ಯವನ್ನು ಬಿಡಿಸಿಕೊಳ್ಳಿ. ಸೂರ್ಯನ ದ್ರವ್ಯರಾಶಿಗೆ ಸುಮಾರು 3 ಕಿಲೋಮೀಟರ್, ಭೂಮಿಯದ್ದಕ್ಕೆ ಸುಮಾರು 9 ಮಿಲಿಮೀಟರ್ ಬರುತ್ತದೆ. ಇಂಗ್ಲಿಷ್ ವಿಜ್ಞಾನಿ ಜಾನ್ ಮಿಚೆಲ್ 1783ರಲ್ಲೇ ಇದೇ ಬಗೆಯ ಲೆಕ್ಕ ಮಾಡಿದ್ದರು. ಆ ಸೂತ್ರಕ್ಕೆ ಆಧಾರವಾದ ಚಲನಶಕ್ತಿಯ ಸೂತ್ರ ½mv² ಬೆಳಕಿಗೆ ಅನ್ವಯಿಸುವುದಿಲ್ಲವಾದ್ದರಿಂದ ಈ ದಾರಿ ಸರಿಯಾದುದಲ್ಲ. ಆದರೂ ಐನ್‌ಸ್ಟೈನ್‌ರ ಗುರುತ್ವ ಸಮೀಕರಣಗಳಿಗೆ ಜರ್ಮನ್ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶಿಲ್ಡ್ 1916ರಲ್ಲಿ ಪ್ರಕಟಿಸಿದ ಪರಿಹಾರದಿಂದ ಹೊರಡುವ ತ್ರಿಜ್ಯವೂ ಇಷ್ಟೇ. ತಪ್ಪು ದಾರಿಯಲ್ಲಿ ಸರಿ ಉತ್ತರ ಹೇಗೆ ಬಂತೆಂದು ನಿಮ್ಮ ಉಪನ್ಯಾಸಕರನ್ನು ಕೇಳಿ, ಬಿ.ಎಸ್ಸಿ.ಯವರೆಗೂ ಜೊತೆಗಿಟ್ಟುಕೊಳ್ಳಬಹುದಾದ ಒಳ್ಳೆಯ ಪ್ರಶ್ನೆ ಅದು.

ಪ್ರತಿ ಅಧ್ಯಾಯದಲ್ಲೂ ಹೀಗೆ ನೀವೇ ಲೆಕ್ಕ ಹಾಕಿ ಪಡೆಯಬಲ್ಲ ಒಂದು ಸಂಖ್ಯೆಯನ್ನು ಹುಡುಕಿ. ಅಂಥದ್ದು ಸಿಗದ ಅಧ್ಯಾಯವನ್ನೂ ಸಂತೋಷವಾಗಿ ಓದಿ, ಆದರೆ ಆ ಹೊತ್ತನ್ನು ಭೌತಶಾಸ್ತ್ರದ ಅಭ್ಯಾಸದ ಹೊತ್ತಿಗೆ ಸೇರಿಸಬೇಡಿ.