ಡೀಸೆಲ್ ಕಾರು 1.8 ಲಕ್ಷ ಓಡ್ಯದ, ಎಂಜಿನ್‌ಗೂ ಗೇರ್ ಬಾಕ್ಸ್‌ಗೂ ಫ್ಲಷ್ ಹಾಕಿಸ್ಲೇನು?

ಹೈದರಾಬಾದಿನಿಂದ ತಂದ ಸೆಕೆಂಡ್ ಹ್ಯಾಂಡ್ ಗಾಡಿ, ಆಯಿಲ್ ಬದ್ಲಿ ಮಾಡಿದ ವಾರದಾಗೇ ಕಪ್ಪಗಾಗ್ತದ, ಮುಂಜಾನಿ ಸೆಕೆಂಡ್ ಗೇರ್ ಬಿಗಿ. ನೀವು ಬರದದ್ದು ಓದಿದ ಕೂಡ್ಲೆ ನಮ್ಮ ಕಲಬುರಗಿ ಗ್ಯಾರೇಜಿಗೆ ಎಳ್ಕೊಂಡು ಬಂದಿದ್ದ ಒಂದು ಗಾಡಿ ನೆನಪಾಯ್ತು. ಇದೇ ವಯಸ್ಸು, ಇದೇ ಕಂಪ್ಲೇಂಟು. ಎಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚಿದ್ರ, ಪಂಪು ಆಯಿಲ್ ಎಳಕೊಳ್ಳೋ ಬಾಯಿಗಿರೋ ಸ್ಟ್ರೇನರಿನ ಜಾಳಿನೇ ಕಾಣವಲ್ದು, ಅಷ್ಟು ಕರಿ ಹಕ್ಕಳಿ ಮೆತ್ಕೊಂಡಿತ್ತು.

ಮಾಲಕರು ಮಾಡಿದ್ದು ಇಷ್ಟೇ. 300 ಎಂಎಲ್ ಫ್ಲಷ್ ಡಬ್ಬಿ ಹಳೆ ಆಯಿಲಿನಾಗ ಸುರದ್ರು. ನಿಂತಲ್ಲೇ 10-15 ನಿಮಿಷ ಐಡಲ್ ಓಡಿಸಿ ಬಿಸಿ ಇದ್ದಾಗಲೇ ಇಳಿಸ್ರಿ ಅಂತ ಡಬ್ಬಿ ಮ್ಯಾಲೇ ಬರದಿತ್ತು. ಇವರು, ಓಡಿಸಿದ್ರ ಇನ್ನೂ ಚೊಲೊ ತೊಳೀತದ ಅಂತ ಹುಮನಾಬಾದ್ ರೋಡ್ ಹಿಡದ್ರು.

ತಪ್ಪು ಡಬ್ಬಿದಲ್ಲ, ರೋಡಿಗಿಳಿಸಿದ್ದು. ಇದನ್ನ ಸ್ವಲ್ಪ ಬಿಡಿಸೇ ಹೇಳ್ತೀನಿ. ಫ್ಲಷ್ ಅಂದ್ರ ಬಹುಪಾಲು ಚಿಮಣಿ ಎಣ್ಣಿ ಜಾತಿಯ ತೆಳ್ಳನ ದ್ರಾವಕ, ಅದರೊಳಗ ಒಂದಿಷ್ಟು ಡಿಟರ್ಜೆಂಟ್. ಮೂರು ಲೀಟರ್ ಹಿಡಿಯೋ ಸಣ್ಣ ಎಂಜಿನ್ನಿಗೆ 300 ಎಂಎಲ್ ಅಂದ್ರ ಹತ್ತರಾಗ ಒಂದು ಪಾಲು. ಆಯಿಲ್ ಅಷ್ಟರಮಟ್ಟಿಗೆ ನೀರಾಗ್ತದ. ಐಡಲಿನಾಗ ಬೇರಿಂಗ್ ಮ್ಯಾಲ ಲೋಡ್ ಕಡಿಮಿ, ತೆಳ್ಳನ ಆಯಿಲ್ ಪೊರಿನೂ ತಡಕೋತದ. ಟಾಪ್ ಗೇರಿನಾಗ ನಾಲ್ಕು ಮಂದಿ ಕೂಡಿಸ್ಕೊಂಡು ಆಕ್ಸಿಲರೇಟರ್ ಒತ್ತಿದ್ರ ಆ ಪೊರಿ ನಿಲ್ಲಂಗಿಲ್ಲ.

ಎರಡನೇದು ಇನ್ನೂ ಕೆಟ್ಟದ್ದು. ವರ್ಷಗಟ್ಟಲೆ ಕುಂತ ಕೆಸರು ಸಕ್ಕರಿ ಕರಗಿದಂಗ ಕರಗಂಗಿಲ್ಲ, ಹಕ್ಕಳಿ ಹಕ್ಕಳಿಯಾಗಿ ಏಳ್ತದ. ಎದ್ದದ್ದು ಚೇಂಬರಿಗೆ ಇಳಿತದ, ಪಂಪು ಎಳದಾಗ ಸ್ಟ್ರೇನರಿಗೆ ಬಡೀತದ. ಜಾಳಿ ಕಟ್ಟಿತಂದ್ರ ಪಂಪಿಗೆ ಆಯಿಲೇ ಇಲ್ಲ. ಜಾಳಿ ದಾಟಿದ ಸಣ್ಣ ಕಸ ಫಿಲ್ಟರ್ ತುಂಬ್ತದ. ಫಿಲ್ಟರ್ ತುಂಬಿದ್ರ ಅದರ ಬೈಪಾಸ್ ವಾಲ್ವ್ ತೆರೀತದ, ಆಯಿಲ್ ಸೋಸದೇ ಸೀದಾ ಬೇರಿಂಗಿಗೆ ಹೋಗ್ತದ. ವಾಲ್ವ್ ಇಟ್ಟದ್ದೇ ಅದಕ್ಕ, ಆಯಿಲ್ ಇಲ್ಲದ್ದಕ್ಕಿಂತ ಹೊಲಸು ಆಯಿಲೇ ವಾಸಿ ಅಂತ. ಮೊದ್ಲು ಸಾಯೋದು ಎಂಜಿನ್ನಿಗೆ ಗಾಳಿ ತುರುಕೋ ಟರ್ಬೋ, ಯಾಕಂದ್ರ ಅದರ ಶಾಫ್ಟ್ ನಿಮಿಷಕ್ಕ ಲಕ್ಷಕ್ಕೂ ಹೆಚ್ಚು ಸುತ್ತು ತಿರಗ್ತದ. ಆಮ್ಯಾಲ ಕನೆಕ್ಟಿಂಗ್ ರಾಡ್ ಬುಡದ ಬಿಗ್ ಎಂಡ್ ಬೇರಿಂಗ್. ಕೆಂಪು ಆಯಿಲ್ ಲೈಟ್ ಹತ್ತಿದ್ದು ಅವರು ನೋಡ್ಯಾರ, ಆದ್ರ ಮುಂದಿನ ಢಾಬಾ ತನಕ ಹೊಡದಾರ. ಆ ಲೈಟ್ ಹತ್ತೋದು ಪ್ರೆಷರ್ ಸುಮಾರು ಅರ್ಧ ಬಾರ್‌ಗಿಂತ ಕೆಳಗ ಇಳದಾಗ. ಅಷ್ಟೊತ್ತಿಗೆ ಸವೆತ ಸುರು ಆಗಿರ್ತದ. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ ಸೆಟ್, ಟರ್ಬೋ ಎಲ್ಲಾ ಮಾಡಿಸಬೇಕಾಯ್ತು.

ಈಗ ನಿಮ್ಮ ಗಾಡಿ. ಆಯಿಲ್ ಕಪ್ಪಾಯ್ತು ಅಂದ್ರ ಎಂಜಿನ್ ಹೊಲಸು ಅಂತ ತಿಳಕೊಂಡೀರಿ, ಅದೇ ತಪ್ಪು. ಡೀಸೆಲ್ ಸುಟ್ಟ ಮಸಿಯನ್ನ ಆಯಿಲ್ ತನ್ನೊಳಗ ತೇಲಿಸಿ ಇಟ್ಕೊಳ್ಳಬೇಕು, ಅದಕ್ಕೇ ಕಪ್ಪಾಗ್ತದ. ಆಯಿಲ್ ಹಾಕೋ ಮುಚ್ಚಳ ತಗದು ಟಾರ್ಚ್ ಬಿಟ್ಟು ನೋಡ್ರಿ, ಸಾಧ್ಯ ಆದ್ರ ಎಂಜಿನ್ ತಲಿ ಮ್ಯಾಲಿನ ಟ್ಯಾಪೆಟ್ ಕವರೇ ಬಿಚ್ಚಿಸ್ರಿ. ಕಂದು ಬಣ್ಣದ ಕಲಿ ಅಷ್ಟೇ ಇದ್ರ ಏನೂ ಮಾಡೋದು ಬ್ಯಾಡ. ಬೆರಳಿಗೆ ದಪ್ಪನ ಕರಿ ಕೆಸರು ಹತ್ತಿದ್ರ ಫ್ಲಷ್ ಅಂತೂ ಬ್ಯಾಡೇ ಬ್ಯಾಡ. ಚೇಂಬರ್ ಇಳಿಸಿ, ಸ್ಟ್ರೇನರ್ ಡೀಸೆಲ್‌ನಾಗ ತೊಳದು, ಚೇಂಬರ್ ಅಂಚಿನ ಹಳೆ ಸಿಲಿಕಾನ್ ಅಂಟು ಪೂರ್ತಿ ಕೆರದು, ಹೊಸದನ್ನ ಸಣ್ಣ ಗೆರಿಯಷ್ಟೇ ಹಚ್ಚಿ ಕೂಡಿಸಬೇಕು. ಹೆಚ್ಚು ಹಚ್ಚಿದ್ರ ಒಳಗ ಉಬ್ಬಿದ್ದು ಕಿತ್ತು ಅದೇ ಜಾಳಿಗೆ ಹೋಗ್ತದ. ಗಾಡಿ ಬುಕ್ಕಿನಾಗ ಇದ್ದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್, 3000 ಕಿಲೋಮೀಟರಿಗೆ ಒಮ್ಮೆಯಂಗ ಎರಡು ಸಲ ಬಿಸಿ ಎಂಜಿನ್‌ನಾಗ ಇಳಿಸ್ರಿ, ಆಮ್ಯಾಲ 5000ಕ್ಕ ಒಮ್ಮೆ. ಹೊಸ ಆಯಿಲಿನ ಡಿಟರ್ಜೆಂಟೇ ನಿಧಾನಕ್ಕ ತೊಳೀತದ. (2020ರ ಆಚಿನ ಬಿಎಸ್6 ಡೀಸೆಲ್ ಇದ್ದವರು ಹೊಗಿಯ ಮಸಿ ಹಿಡಿಯೋ ಡಿಪಿಎಫ್‌ಗೆ ಹೊಂದೋ ಕಡಿಮಿ ಬೂದಿ ಆಯಿಲೇ ಹಾಕಬೇಕು, ಎಸಿಇಎ ಸಿ2 ಇಲ್ಲಾ ಸಿ3, ಬುಕ್ ಹೇಳಿದ್ದು.)

ಹಟ ಹಿಡದು ಫ್ಲಷ್ ಹಾಕೋರಿದ್ರ ಆಯಿಲ್ ಇಳಿಸೋ ಹೊತ್ತಿಗೇ ಹಾಕ್ರಿ, ಆಕ್ಸಿಲರೇಟರ್ ಮುಟ್ಟಬ್ಯಾಡ್ರಿ, ಹನಿ ನಿಲ್ಲೋ ತನಕ ಸೋರಿಸ್ರಿ. ಹಳೆ ಆಯಿಲ್ ಸೀಲ್ ಗಟ್ಟಿಯಾಗಿದ್ರ ಸೋರಾಟ ಸುರು ಆಗ್ಬಹುದು. ಇಷ್ಟು ದಿನ ಸಂದಿ ಮುಚ್ಚಿದ್ದೇ ಆ ಕೆಸರು.

ನಮ್ಮ ಕಡಿ ಎಂಜಿನ್ ತಿನ್ನೋದು ಕೆಸರಿಗಿಂತ ಧೂಳು. ಸೇಡಂ, ಚಿತ್ತಾಪುರ ಕಡಿ ಸಿಮೆಂಟ್ ಲಾರಿ ಹಿಂದ ದಿನಾ ಓಡಿಸೋರು ಫ್ಲಷ್ ರೊಕ್ಕದಾಗ ಏರ್ ಫಿಲ್ಟರ್ ತಗೋರಿ, ಹೌಸಿಂಗಿನ ಕ್ಲಿಪ್ ಸಡಿಲ ಅದಾವೇನು ನೋಡ್ರಿ.

ಗೇರ್ ಬಾಕ್ಸಿಗೆ ಫ್ಲಷ್ ಯಾಕ್ರಿ? ಅಲ್ಲಿ ಏನೂ ಸುಡಂಗಿಲ್ಲ, ಮಸಿ ಇಲ್ಲ. ಮ್ಯಾನುವಲ್ ಬಾಕ್ಸಿನಾಗ ಬೀಳೋದು ಲೋಹದ ಪುಡಿ, ಅದು ಆಯಿಲ್ ಇಳಿಸಿದ್ರ ಹೋಗ್ತದ. ಮೊದ್ಲು ತುಂಬೋ ನಟ್ ಬಿಚ್ರಿ, ಆಮ್ಯಾಲ ಡ್ರೈನ್ ನಟ್. ಇದನ್ನ ಉಲ್ಟಾ ಮಾಡಿ, ಆಯಿಲ್ ಎಲ್ಲಾ ಸುರದ ಮ್ಯಾಲ ತುಂಬೋ ನಟ್ ಜಾಮ್ ಅದ ಅಂತ ತಲಿ ಹಿಡಕೊಂಡವರನ್ನ ನೋಡೀನಿ. ಡ್ರೈನ್ ನಟ್ಟಿನ ಮ್ಯಾಗ್ನೆಟಿಗೆ ಬೂದು ಬಣ್ಣದ ನುಣ್ಣನ ಪೇಸ್ಟ್ ಸಹಜ. ಲೋಹದ ಚೂರು ಇದ್ರ ಗೇರಿನ ಹಲ್ಲು ಹೋಗ್ಯಾವ. ಸಣ್ಣ ಕಾರಿಗೆ ಸುಮಾರು ಎರಡು ಲೀಟರ್, 75ಡಬ್ಲ್ಯೂ-80 ಇಲ್ಲಾ 75ಡಬ್ಲ್ಯೂ-90, ಮತ್ತ ಆಯಿಲ್ ದರ್ಜೆ ಬುಕ್ ಜಿಎಲ್-4 ಅಂದ್ರ ಜಿಎಲ್-4ನೇ. ಜಿಎಲ್-5ನಾಗ ಗಂಧಕದ ಅಡಿಟಿವ್ ಹೆಚ್ಚು, ಗೇರ್ ಸಲೀಸ್ ಬೀಳಂಗ ವೇಗ ಹೊಂದಿಸೋ ಹಿತ್ತಾಳಿ ಸಿಂಕ್ರೊ ರಿಂಗ್ ಕೆಡಬಹುದು. ಸಮತಟ್ಟು ಜಾಗಾದಾಗ ತೂತಿನಿಂದ ಹೊರಗ ಚೆಲ್ಲೋ ತನಕ ತುಂಬ್ರಿ. ಕ್ಲಚ್ ಪೆಡಲ್ ಇಲ್ಲದೇ ತಾನೇ ಗೇರ್ ಬದ್ಲಿಸೋ ಎಎಂಟಿ ಗಾಡಿದೂ ಒಳಗ ಇದೇ ಮ್ಯಾನುವಲ್ ಬಾಕ್ಸು. ಗೇರ್ ಹಾಕೋ ಪಂಪಿನ ಆಯಿಲ್ ಬ್ಯಾರೆ, ಎರಡೂ ಕೂಡಸಬ್ಯಾಡ್ರಿ.

ಇಷ್ಟಕ್ಕೂ ಮುಂಚೆ ಒಂದು ಪರೀಕ್ಷೆ. ಮುಂಜಾನಿ ಎಂಜಿನ್ ಬಂದ್ ಇಟ್ಟು ಸೆಕೆಂಡ್ ಹಾಕಿ ನೋಡ್ರಿ, ಆಮ್ಯಾಲ ಚಾಲೂ ಮಾಡಿ ಹಾಕ್ರಿ. ಬಂದ್ ಇದ್ದಾಗ ಸಲೀಸ್ ಬಿದ್ದು ಚಾಲೂ ಇದ್ದಾಗ ಬಿಗಿ ಆದ್ರ ಮೊದ್ಲು ಕ್ಲಚ್ ನೋಡ್ರಿ, ಪೂರ್ತಿ ಬಿಡವಲ್ದು: ಕೇಬಲ್ ಅಡ್ಜಸ್ಟ್, ಇಲ್ಲಾ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್ ಸೋರ್ಲಿಕತ್ತದೇನು ನೋಡಿಸ್ರಿ. ಎರಡರಾಗೂ ಬಿಗಿ ಇದ್ದು, ಐದು ಕಿಲೋಮೀಟರ್ ಓಡಿದ ಮ್ಯಾಲ ಹಗುರಾದ್ರ ಮೊದ್ಲು ಗೇರ್ ಆಯಿಲ್ ಬದ್ಲಿ ಮಾಡಿಸ್ರಿ. ಬಿಸಿ ಆದ ಮ್ಯಾಲೂ ಸೆಕೆಂಡಿನಾಗ ಕರ್ ಅಂದ್ರ ಸಿಂಕ್ರೊ ರಿಂಗ್ ಸವದದ, ಬಾಕ್ಸ್ ಇಳಿಸಲೇಬೇಕು.